ಏನೂ ಬೇಡದ ಅತಿಥಿ

ಪರವೂರಿಗೆ ಹೋದರೆ ಕೆಲವರು ಮೊದಲು ಗುಡಿ ಹುಡುಕುತ್ತಾರೆ, ಕೆಲವರು ಖಾನಾವಳಿ ಹುಡುಕುತ್ತಾರೆ. ರೇಣುಕಾದೇವಿ ನಲ್ಲಿ ಹುಡುಕುತ್ತಿದ್ದಳು. ಅದು ಸೋರುತ್ತಿದೆಯೋ ಇಲ್ಲವೋ ನೋಡಿ ಆ ಊರಿನ ಯೋಗ್ಯತೆಯನ್ನು ಅಲ್ಲೇ ನಿಂತು ಅಳೆದುಬಿಡುತ್ತಿದ್ದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಯಲಬುರ್ಗಾದಲ್ಲಿ ಕುಡಿಯುವ ನೀರಿನ ಕೆಲಸ ನೋಡುವ ಕಚೇರಿಯಲ್ಲಿ ಗುಮಾಸ್ತೆಯಾಗಿ ಇಡೀ ನೌಕರಿ ಸವೆಸಿದವಳು. ಎಲ್ಲಿ ಬೋರ್‌ವೆಲ್ ಬತ್ತಿತು, ಯಾವ ಊರಿಗೆ ಟ್ಯಾಂಕರ್ ಮುಟ್ಟಲಿಲ್ಲ, ಯಾವ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಕೂತರು, ಎಲ್ಲ ಅವಳ ಮೇಜು ದಾಟಿಯೇ ಹೋಗಬೇಕು. ಅಂಥವಳ ಎದುರಿಗೆ ಯಾರಾದರೂ ಅರ್ಧ ಲೋಟ ನೀರು ಕುಡಿದು ಉಳಿದರ್ಧ ಚೆಲ್ಲಿದರೆ ಮುಗಿಯಿತು. ಆ ಮನುಷ್ಯನ ಜೊತೆ ಅವಳು ಮತ್ತೆ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಮದುವೆ ಆಗಿರಲಿಲ್ಲ. ಬೇಡವೆಂದು ಅವಳು ಯಾವತ್ತೂ ಅಂದವಳಲ್ಲ. ಅಪ್ಪ ಹಾಸಿಗೆ ಹಿಡಿದ, ಅವನನ್ನು ನೋಡಿಕೊಂಡಳು. ಮಕ್ಕಳು ಸಣ್ಣವರಿರುವಾಗಲೇ ಅಣ್ಣ ತೀರಿಕೊಂಡ, ಅವರ ಓದು, ಮದುವೆ ಎಲ್ಲ ಇವಳ ಹೆಗಲಿಗೆ ಬಿತ್ತು. ಅವೆಲ್ಲ ಒಂದು ದಡ ಸೇರುವ ಹೊತ್ತಿಗೆ ಇವಳನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. "ರೇಣುಕಾಗ ಏನೂ ಬೇಕಾಗೂದಿಲ್ಲ ನೋಡ್ರಿ, ಬಂಗಾರದಂಥಾಕಿ" ಎಂದು ಮನೆಯವರು ಹೊಗಳುತ್ತಿದ್ದರು. ಹೊಗಳಿ ಹೊಗಳಿ ಅದು ಎಷ್ಟು ಗಟ್ಟಿಯಾಯಿತೆಂದರೆ, ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ತರುವಾಗ ಇವಳೊಬ್ಬಳನ್ನು ಬಿಡುವುದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಇವಳೂ ಬಾಯಿಬಿಡುತ್ತಿರಲಿಲ್ಲ. ಕೇಳಿ ಪಡೆಯುವುದೆಂದರೆ ಅವಳಿಗೆ ಯಾರದೋ ಕೊಡದಿಂದ ನೀರು ಕದ್ದ ಹಾಗೆ ಅನಿಸುತ್ತಿತ್ತು.

ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದಿಸಿದರು, ಹಾರ ಹಾಕಿದರು, ಹೊಗಳಿದರು. ಮರುದಿನದಿಂದ ಫೋನು ಮಾತಾಡುವುದನ್ನೇ ಮರೆತುಬಿಟ್ಟಿತು. ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು, ತಾನು ಈ ಹೊತ್ತು ಎದ್ದಿದ್ದೇನೋ ಇಲ್ಲವೋ ಎಂದು ತಿಳಿದುಕೊಳ್ಳಬೇಕಾದ ಜೀವ ಈ ನಾಡಿನಲ್ಲಿ ಒಂದಾದರೂ ಇದೆಯೇ ಎಂದು ಅವಳು ಯೋಚಿಸುತ್ತಿದ್ದಳು. ಹಾಲಿನವನೊಬ್ಬನಿದ್ದ. ಅವನೂ ಪಾಕೀಟು ಕಿಟಕಿಯಲ್ಲಿಟ್ಟು ಹೋಗುತ್ತಿದ್ದ.

ಅಂಥದೊಂದು ದಿನ ವಾಚನಾಲಯದಲ್ಲಿ ಪತ್ರಿಕೆಯ ಪುರವಣಿ ಕೈಗೆ ಸಿಕ್ಕಿತು. ಪ್ರವಾಸಕ್ಕೆ ಹೋಗುವವರು ಪರಿಸರಕ್ಕೆ ಹಿತವಾದ ಹೋಟೆಲನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ಲೇಖನ. ಪ್ಲಾಸ್ಟಿಕ್ ಬಾಟಲಿ ಕೊಡುವುದಿಲ್ಲವೇ ಕೇಳಿ, ದಿನಾ ಚಾದರ ಒಗೆಯಬೇಡಿ ಎಂದು ನೀವೇ ಹೇಳಿ, ಬೇಡದ ದೀಪ ಆರಿಸಿ, ಊರಲ್ಲಿ ಬೆಳೆದದ್ದನ್ನೇ ಉಣ್ಣಿ. ಓದುತ್ತ ಓದುತ್ತ ರೇಣುಕಾದೇವಿಯ ಕಣ್ಣು ತುಂಬಿ ಬಂತು. ತಾನು ಜೀವಮಾನವಿಡೀ ಮಾಡಿದ್ದನ್ನು, ಎಲ್ಲರೂ ಜಿಪುಣತನ ಎಂದು ನಕ್ಕಿದ್ದನ್ನು, ಯಾರೋ ದೊಡ್ಡ ಮನುಷ್ಯರು ಅಚ್ಚು ಹಾಕಿಸಿ ಹೊಗಳಿದ್ದರು. ತನ್ನಂಥವರಿಗೇ ಎಂದು ಕಟ್ಟಿದ ಜಾಗಗಳೂ ಇವೆ ಎಂದಾಯಿತು!

ಕಚೇರಿಯಲ್ಲಿ ಅವಳ ಕುರ್ಚಿಗೆ ಬಂದಿದ್ದ ರಂಜಿತಾ ಎಂಬ ಹುಡುಗಿ ಮೊಬೈಲಿನಲ್ಲೇ ಹುಡುಕಿ ಕೊಟ್ಟಳು. ಗಂಗಾವತಿ ದಾಟಿ, ತುಂಗಭದ್ರೆಯ ದಂಡೆಯ ಮೇಲೆ 'ಹೊಳೆದಂಡೆ' ಎಂಬ ಬಿಡಾರ. ಮಣ್ಣಿನ ಗೋಡೆ, ಗಡಿಗೆಯ ನೀರು, ಬಿಸಿಲಿನಿಂದ ಉರಿಯುವ ದೀಪ, ಟಿವಿ ಇಲ್ಲ.

"ಇಬ್ಬರ ರೂಮ ಅಷ್ಟ ಅದಾವ್ರಿ ಅಕ್ಕಾರ. ಇಬ್ಬರು ಅಂತ ಹಾಕ್ಲೇನ್ರಿ?" ಎಂದು ಕೇಳಿದಳು.

"ಹಾಕವ್ವ. ಒಬ್ಬಾಕಿ ಅಂದ್ರೂ ಅಷ್ಟ, ಇಬ್ಬರಂದ್ರೂ ಅಷ್ಟ" ಎಂದಳು ರೇಣುಕಾದೇವಿ. ಎರಡೂ ಒಂದೇ ಆಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಚಳಿಗಾಲ ಕಾಲಿಡುತ್ತಿತ್ತು. ಯಲಬುರ್ಗಾದಿಂದ ಬಸ್ಸು ಹಿಡಿದು, ಕೊಪ್ಪಳದಲ್ಲಿ ಇಳಿದು ಹತ್ತಿ, ಗಂಗಾವತಿಗೆ ಬರುವಷ್ಟರಲ್ಲಿ ಕಿಟಕಿಯಾಚೆ ಎರೆಮಣ್ಣು ಮುಗಿದು ಭತ್ತದ ಗದ್ದೆ ಶುರುವಾಗಿತ್ತು. ಕಾಲುವೆಯಲ್ಲಿ ನೀರು ತನ್ನಷ್ಟಕ್ಕೆ ಹೋಗುತ್ತಿತ್ತು, ಯಾರೂ ಅದಕ್ಕೆ ಕೊಡ ಹಿಡಿದು ಸಾಲು ನಿಂತಿರಲಿಲ್ಲ. ರೇಣುಕಾದೇವಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಅಲ್ಲಿಂದ ಟಂಟಂ ಆಟೋ ಹಿಡಿದು ಹೊಳೆದಂಡೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು.

ಬಿಡಾರದ ಮ್ಯಾನೇಜರ್ ಫಾರೂಕ ಮೂವತ್ತರ ಆಸುಪಾಸಿನವನು, ಎಲ್ಲದಕ್ಕೂ ನಗುವ ಮನುಷ್ಯ. ಅವಳ ಬೆನ್ನ ಹಿಂದೆ ಇಣುಕಿ ನೋಡಿದ.

"ನಿಮ್ಮ ಜೋಡಿ ಯಾರದಾರ್ರಿ ಅಕ್ಕಾರ?"

"ಯಾರೂ ಇಲ್ಲ. ಒಬ್ಬಾಕಿನ ಬಂದೀನಿ."

"ಹಿಂದಿಂದ ಬರ್ತಾರೇನ್ರಿ?"

"ಯಾರೂ ಬರಂಗಿಲ್ಲಪ."

ಫಾರೂಕನ ನಗು ಅರ್ಧಕ್ಕೆ ನಿಂತಿತು. ಈ ಕಡೆಯ ಲಾಡ್ಜುಗಳಲ್ಲಿ ಒಬ್ಬರೇ ಬಂದವರಿಗೆ ರೂಮು ಕೊಡಲು ಹಿಂದೆಮುಂದೆ ನೋಡುತ್ತಾರೆ. ಊರು ಬಿಟ್ಟು, ಜನ ಬಿಟ್ಟು, ಒಬ್ಬರೇ ಬಂದು ಬಾಗಿಲು ಹಾಕಿಕೊಂಡವರು ಬೆಳಗ್ಗೆ ಬಾಗಿಲು ತೆರೆಯದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಹೊಳೆಯ ಪಕ್ಕದ ಬಿಡಾರವಾದರೆ ಹೆದರಿಕೆ ಎರಡು ಪಟ್ಟು. ಆದರೆ ರೂಮು ಮೊದಲೇ ಬುಕ್ ಆಗಿತ್ತು, ಬಂದವಳು ತಾಯಿಯ ವಯಸ್ಸಿನವಳು. ಅವನು ಒಲ್ಲದ ಮನಸ್ಸಿನಿಂದ ಬೀಗದ ಕೈ ತೆಗೆದ.

"ಉಳಿದ ಸಾಮಾನು ಎಲ್ಲಿ ಅದಾವ್ರಿ?"

"ಇಷ್ಟ." ಅವಳು ತನ್ನ ಬಟ್ಟೆಯ ಚೀಲ ಎತ್ತಿ ತೋರಿಸಿದಳು. ಮೂರು ದಿನಕ್ಕೆ ಎರಡು ಸೀರೆ, ಒಂದು ಟವೆಲ್ಲು, ನೀರಿನ ಸ್ಟೀಲ್ ಬಾಟಲಿ. ಹೆಮ್ಮೆಯಿಂದಲೇ ತೋರಿಸಿದ್ದಳು. ಹಗುರವಾಗಿ ಪ್ರಯಾಣ ಮಾಡಿ ಎಂದು ಲೇಖನದಲ್ಲಿ ಬರೆದಿತ್ತು.

ಆಮೇಲೆ ಅವಳು ಮಾಡಿದ್ದೆಲ್ಲವೂ ಲೇಖನದ ಪ್ರಕಾರ ನೂರಕ್ಕೆ ನೂರು ಸರಿ. ಫಾರೂಕ ಸಾಬೂನು ತಂದ, ಬೇಡ ಎಂದಳು. ಟವೆಲ್ಲು ತಂದ, ಬೇಡ ಎಂದಳು. ಚಾದರ ದಿನಾ ಬದಲಿಸುವುದು ಬೇಡ, ಒಬ್ಬಳಿಗಾಗಿ ಒಲೆ ಹಚ್ಚುವುದೂ ಬೇಡ, ನೀವು ಉಂಡು ಉಳಿದಿದ್ದರೆ ಒಂದು ರೊಟ್ಟಿ, ಮಜ್ಜಿಗೆ ಸಾಕು ಎಂದಳು. ಸಂಜೆಯಾದರೂ ದೀಪ ಹಾಕದೆ ಮಬ್ಬಿನಲ್ಲೇ ಮಂಚದ ಮೇಲೆ ಕೂತಳು. ಅದಕ್ಕೂ ಮೊದಲು ದಂಡೆಗೆ ಹೋಗಿ ಬಹಳ ಹೊತ್ತು ಹೊಳೆಯನ್ನು ನೋಡುತ್ತ ನಿಂತು, ಗಿಡಗಳಿಗೆ ಮಣ್ಣು ಏರಿಸುತ್ತಿದ್ದ ಮಾಲಿ ಮೌಲಾಹುಸೇನನನ್ನು ಕೇಳಿದ್ದಳು:

"ಇಲ್ಲಿ ಹೊಳಿ ಎಷ್ಟ ಆಳ ಐತಿ?"

"ಯಾಕ್ರೀ ಯವ್ವಾ?"

"ಸುಮ್ನ ಕೇಳಿದೆ. ಸೆಳವು ಜೋರೈತೇನು?"

ನೀರಿನ ಕಚೇರಿಯವಳು ನೀರು ಕಂಡರೆ ಕೇಳುವುದೇ ಆಳ ಮತ್ತು ಸೆಳವು. ಆದರೆ ಇದು ಮೌಲಾಹುಸೇನನಿಗೆ ಹೇಗೆ ಗೊತ್ತಾಗಬೇಕು? ಅವನು ಗುದ್ದಲಿಯನ್ನು ಅಲ್ಲೇ ಬಿಟ್ಟು ಫಾರೂಕನ ಬಳಿಗೆ ಓಡಿದ.

ಆಗಿನಿಂದ ಕದ ಬಡಿಯುವುದು ಶುರುವಾಯಿತು. ಮೊದಲು ಫಾರೂಕ ಚಹಾ ತಂದ. "ಕೇಳಿಲ್ಲಲ್ಲಪ" ಎಂದಳು. "ಮಾಡಿದ್ವಿರಿ, ಅದಕ್ಕ ತಂದೆ" ಎಂದು ಲೋಟವಿಟ್ಟು ಕೋಣೆಯ ಮೂಲೆಮೂಲೆಯಲ್ಲಿ ಕಣ್ಣಾಡಿಸಿ ಹೋದ. ಅವನು ಹೋಗಿ ಸ್ವಲ್ಪ ಹೊತ್ತಿಗೆ ಮೌಲಾಹುಸೇನ ಬಂದು ಗಡಿಗೆಯಲ್ಲಿ ನೀರಿದೆಯೋ ಇಲ್ಲವೋ ನೋಡಬೇಕು ಎಂದ. ಗಡಿಗೆ ತುಂಬಿತ್ತು. ಮತ್ತೆ ಫಾರೂಕ ಬಂದು ಕಿಟಕಿಯ ಚಿಲಕ ಸರಿಯಿದೆಯೇ ಎಂದು ಜಗ್ಗಿ ನೋಡಿದ. ರೇಣುಕಾದೇವಿಗೆ ಪಿತ್ತ ನೆತ್ತಿಗೇರಿತು. ಒಳ್ಳೆಯ ಬಿಡಾರದಲ್ಲಿ ಪ್ರವಾಸಿಗೆ ಮೌನ ಸಿಗುತ್ತದೆ ಎಂದು ಬರೆದವನನ್ನು ಕರೆತಂದು ಇಲ್ಲಿ ಕೂರಿಸಬೇಕು ಎನಿಸಿತು. ಆದರೂ ಪ್ರತಿ ಸಲ ಕದ ಸದ್ದು ಮಾಡಿದಾಗ ಅವಳ ಕಾಲುಗಳು ತಾವಾಗಿ ಬೇಗ ಏಳುತ್ತಿದ್ದವು. ಅವಳು ಅದನ್ನು ಗಮನಿಸಲಿಲ್ಲ.

ಕೊನೆಗೆ ಬಂದವಳು ಅಡುಗೆಯ ತಾಜಬೀ. ಅರವತ್ತು ದಾಟಿದ, ದೊಡ್ಡ ಗಂಟಲಿನ ಹೆಂಗಸು. ಮೊರದ ತುಂಬ ಬೆಳ್ಳುಳ್ಳಿ ಹಿಡಿದು ಬಂದವಳೇ ಹೊಸ್ತಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟಳು.

"ಇಲ್ಲಿ ಗಾಳಿ ಛಲೋ ಬರ್ತೈತ್ರಿ. ಬೆಳ್ಳುಳ್ಳಿ ಸುಲಿತೀನಿ" ಎಂದಳು.

ಗಾಳಿಯ ಸುಳಿವೇ ಇರಲಿಲ್ಲ. ರೇಣುಕಾದೇವಿ ಸುಮ್ಮನೆ ಎದುರಿಗೆ ಕೂತು ತಾನೂ ನಾಲ್ಕು ಎಸಳು ತೆಗೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಸುಲಿದರು. ತಾಜಬೀ ಕದ್ದು ಕದ್ದು ಇವಳ ಮುಖ ನೋಡುತ್ತಿದ್ದಳು. ಒಮ್ಮೆಲೇ ಮೊರವನ್ನು ಪಕ್ಕಕ್ಕೆ ದೂಡಿದಳು.

"ನನಗ ನೆಪ ಹೇಳಾಕ ಬರಂಗಿಲ್ರಿ. ನಿಮ್ಮನ್ನ ಕಾಯಾಕ ಕಳಿಸ್ಯಾನ ಫಾರೂಕ."

"ನನ್ನನ್ನ? ಯಾಕ?"

"ಸಾಯಾಕ ಬಂದೀರಿ ಅಂತ!"

ರೇಣುಕಾದೇವಿ ಕೈಯಲ್ಲಿದ್ದ ಎಸಳನ್ನು ನೆಲಕ್ಕಿಟ್ಟಳು.

"ಮತ್ತೇನ್ರಿ" ಎಂದು ತಾಜಬೀ ಜೋರುಮಾಡಿದಳು. "ಜೋಡಿ ಯಾರಿಲ್ಲ, ಸಾಮಾನಿಲ್ಲ. ಸಾಬಾನ ಬ್ಯಾಡ, ದೀಪ ಬ್ಯಾಡ, ಊಟ ಬ್ಯಾಡ. ಹೊಳಿ ಎಷ್ಟ ಆಳ ಐತಿ ಅಂತ ಕೇಳೀರಿ. ಬದುಕೂ ಮನಿಶಾಗ ಏನರ ಒಂದು ಬೇಕಾಕ್ಕೈತೆಲ್ರಿ? ಏನೂ ಬ್ಯಾಡ ಅನ್ನಾವ್ರನ್ನ ಕಂಡ್ರ ನಮಗ ಅಂಜಿಕಿ ಬರ್ತೈತಿ."

ರೇಣುಕಾದೇವಿಗೆ ಮೊದಲು ನಗು ಬಂತು. ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುನಗುತ್ತಲೇ ಪುರವಣಿಯ ಲೇಖನ, ನೀರಿನ ಕಚೇರಿ, ಖಾಲಿ ಕೊಡ ಎಲ್ಲವನ್ನೂ ಹೇಳಿದಳು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು: ತಾನು ಇದ್ದೇನೋ ಇಲ್ಲವೋ ಎಂದು ಮೂರು ಜನ ಸಂಜೆಯಿಂದ ಸರದಿಯಲ್ಲಿ ಬಂದು ನೋಡಿಹೋಗಿದ್ದಾರೆ. ಅಪ್ಪ ಸತ್ತ ಮೇಲೆ ಯಾರೂ ಅವಳಿಗಾಗಿ ಇಷ್ಟು ಹೆದರಿರಲಿಲ್ಲ. ಅದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆದರಿಕೆ ಎಂದು ಗೊತ್ತಿದ್ದೂ ಅವಳಿಗೆ ಬೆಚ್ಚಗಾಯಿತು.

ತಾಜಬೀ ಅರ್ಧ ನಂಬಿದಳು. ಫಾರೂಕ ಅಷ್ಟೂ ನಂಬಲಿಲ್ಲ. ಬೆಳಗ್ಗೆ ಉಪ್ಪಿಟ್ಟಿನ ತಟ್ಟೆಯ ಜೊತೆ ಬಂದು ಕೈ ಮುಗಿದು ನಿಂತ.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಮಾಲಕರು ಕೇಳಾಕತ್ಯಾರ. ನಿಮ್ಮ ಮಂದೀದು ಯಾರದರ ಒಬ್ಬರ ನಂಬರ್ ಕೊಟ್ರ, ಒಂದ ಮಾತ ಆಡಿ ಬಿಡ್ತೀನ್ರಿ. ಇಲ್ಲಂದ್ರ ಇರಾಕ ಬಿಡಬ್ಯಾಡ ಅಂದಾರ."

ನಿಮ್ಮ ಮಂದಿ. ರೇಣುಕಾದೇವಿ ಉಪ್ಪಿಟ್ಟು ಬಿಟ್ಟು ಯೋಚಿಸಿದಳು. ಯಾರ ನಂಬರ್ ಕೊಡುವುದು? ರಂಜಿತಾ ಪಾಪ ಕಚೇರಿಯ ಹುಡುಗಿ. ಕೊನೆಗೆ ಅಣ್ಣನ ಮಗ ಯಮನೂರನ ನಂಬರ್ ಹೇಳಿದಳು. ಕುಷ್ಟಗಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟವನು, ಇವಳ ಸಂಬಳದಲ್ಲೇ ಓದಿ ಬೆಳೆದವನು. ಹೋಟೆಲಿನಿಂದ ಫೋನು ಎಂದರೆ ಹುಡುಗ ಗಾಬರಿಯಾಗುತ್ತಾನೆ, ಅತ್ತೆಗೆ ಏನಾಯಿತು ಎನ್ನುತ್ತಾನೆ, ಫೋನು ಕೊಡಿ ಅವಳಿಗೆ ಎನ್ನುತ್ತಾನೆ. ಅವನು ಗಾಬರಿಯಾಗಲಿ ಎಂದು ಅವಳಿಗೆ ಆಸೆಯಾಯಿತು, ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ದಂಡೆಯಲ್ಲಿ ಸಿಗ್ನಲ್ ಸರಿಯಿಲ್ಲದ್ದರಿಂದ ಫಾರೂಕ ಫೋನನ್ನು ಸ್ಪೀಕರಿಗೆ ಹಾಕಿ ಎತ್ತಿ ಹಿಡಿದ. ಆಚೆಯಿಂದ ಮೋಟಾರಿನ ಗರ್ರೆನ್ನುವ ಸದ್ದಿನ ನಡುವೆ ಯಮನೂರನ ದನಿ ಬಂತು.

"ಹೌದ್ರಿ, ನಮ್ಮ ಅತ್ತಿನ. ಯಾಕ, ಏನರ ತಕರಾರ ತಗದಾಳೇನು?"

"ಇಲ್ರಿ, ಹಂಗೇನಿಲ್ಲ. ಒಬ್ಬಾಕಿನ ಬಂದಾರ, ಅದಕ್ಕ ಒಂದ ಮಾತ ಕೇಳಿ ಬಿಡೂನು ಅಂತ…"

"ಅಯ್ಯ, ಆಕಿ ಚಿಂತಿ ಬಿಡ್ರಿ! ಆಕಿ ಭಾಳ ಗಟ್ಟಿ ಅದಾಳ. ಆಕಿಗೆ ಏನೂ ಬೇಕಾಗೂದಿಲ್ಲ, ಯಾರೂ ಬೇಕಾಗೂದಿಲ್ರಿ. ಮೊದಲಿಂದ ಹಂಗ. ನೀವು ಆರಾಮ ಇರ್ರಿ. ಗಿರಾಕಿ ನಿಂತಾರ, ಇಡ್ಲೇನ್ರಿ?"

ಫೋನು ಇಟ್ಟೇಬಿಟ್ಟ. ಅತ್ತೆ ಯಾವಾಗ ಯಲಬುರ್ಗಾ ಬಿಟ್ಟಳು, ಗಂಗಾವತಿ ಕಡೆ ಯಾಕೆ ಹೋದಳು, ಒಂದನ್ನೂ ಕೇಳಲಿಲ್ಲ. ಅವನು ಕೆಟ್ಟ ಹುಡುಗನಲ್ಲ. ಸುಳ್ಳನ್ನೂ ಹೇಳಲಿಲ್ಲ. ಅವಳು ಇಷ್ಟು ವರ್ಷ ಅವನಿಗೆ ಏನು ಕಲಿಸಿದ್ದಳೋ ಅದನ್ನೇ ಒಪ್ಪಿಸಿದ. ಸಾಕಿ ಬೆಳೆಸಿದ ಹುಡುಗನಿಗೆ ಕಾಣದ್ದು ನಿನ್ನೆ ಕಂಡ ಅಡುಗೆಯವಳಿಗೆ ಹೇಗೆ ಕಂಡಿತು ಎಂಬುದೇ ಅವಳನ್ನು ಕೊರೆಯತೊಡಗಿತು. ಸಾಯಲು ಬಂದಿಲ್ಲ ಎಂದು ಅವಳು ಹೇಳಿದ್ದು ನಿಜ. ಏನೂ ಬೇಡ ಎಂದು ಹೇಳುತ್ತ ಬಂದದ್ದು ಮಾತ್ರ ನಿಜವಾಗಿರಲಿಲ್ಲ.

ಫಾರೂಕನ ಮುಖ ಮಾತ್ರ ಬೆಳಗಿತು. ಹೆಗಲ ಮೇಲಿನ ಮೂಟೆ ಇಳಿಸಿದ ಹಮಾಲನ ಹಾಗೆ ಉಸಿರುಬಿಟ್ಟ.

"ಮುಗೀತ್ರಿ ಅಕ್ಕಾರ. ಇನ್ನ ನಿಮ್ಮ ಪಾಡಿಗೆ ನೀವು ಆರಾಮ ಇರ್ರಿ. ಯಾರೂ ಬಂದು ತ್ರಾಸ ಕೊಡಂಗಿಲ್ಲ."

ಹೇಳಿದ ಮಾತಿಗೆ ಸರಿಯಾಗಿ ನಡೆದುಕೊಂಡರು. ಅವತ್ತು ಯಾರೂ ಬರಲಿಲ್ಲ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯದ ತಟ್ಟೆ ಹೊರಗಿನ ಕಟ್ಟೆಯ ಮೇಲೆ ಮುಚ್ಚಿಟ್ಟಿತ್ತು. ಇಟ್ಟವರು ಕಾಣಲಿಲ್ಲ. ಪಕ್ಕದ ಕೋಣೆಗೆ ಗಂಡಹೆಂಡತಿ ಬಂದಿದ್ದರು, ಫಾರೂಕ ಅವರಿಗೆ ನಗುತ್ತ ಹೊಳೆ ತೋರಿಸುತ್ತಿದ್ದ. ಮೌಲಾಹುಸೇನ ದೂರದಿಂದಲೇ ಕೈ ಎತ್ತಿ ನಮಸ್ಕರಿಸಿದ. ಮಣ್ಣಿನ ಕೋಣೆ ತಂಪಾಗಿತ್ತು, ಟಿವಿಯ ಗದ್ದಲವಿಲ್ಲ, ವಾಹನದ ಹೊಗೆಯಿಲ್ಲ. ಲೇಖನದಲ್ಲಿ ಹೇಳಿದ್ದೆಲ್ಲ ಇತ್ತು. ರೇಣುಕಾದೇವಿ ಮಂಚದ ತುದಿಯಲ್ಲಿ ಕೂತು ಬಾಗಿಲನ್ನು ನೋಡಿದಳು. ಯಲಬುರ್ಗಾದ ಬಾಡಿಗೆ ಮನೆಯಲ್ಲೂ ಹೀಗೆಯೇ ಕೂರುತ್ತಿದ್ದಳು. ಇಷ್ಟು ದೂರ ಬಸ್ಸು ಹತ್ತಿ ಬಂದದ್ದು ಅಲ್ಲಿಗೇ ಬಂದಂತಾಗಿತ್ತು.

ಹೊತ್ತು ಇಳಿಯುವಾಗ ಅವಳು ತನ್ನ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಬಕೆಟ್ಟು ತುಂಬಿತು, ತುಂಬಿ ಚೆಲ್ಲಿತು, ಬಚ್ಚಲ ಕಲ್ಲಿನ ಮೇಲೆ ದಬದಬ ಸದ್ದು. ಆಚೆ ಕೇಳುತ್ತಿರಲೇಬೇಕು. ಯಾರಾದರೂ ಬಂದೇ ಬರುತ್ತಾರೆ, ಕದ ಬಡಿಯುತ್ತಾರೆ, ನೀರು ಪೋಲು ಮಾಡುತ್ತೀರಲ್ಲ ಎಂದು ಬೈಯುತ್ತಾರೆ. ಬೈದರೆ ಬೈಯಲಿ. ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಕೂತಿದ್ದ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ಅವರ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡಳು, ನಲ್ಲಿಯನ್ನು ಮಾತ್ರ ನಿಲ್ಲಿಸಲಿಲ್ಲ.

ಯಾರೂ ಬರಲಿಲ್ಲ.

ಇಷ್ಟು ನೀರಿಗೆ ಅಂಗಳವೆಲ್ಲ ತುಂಬಿರಬೇಕು, ಆದರೂ ಒಬ್ಬರೂ ನೋಡಲಿಲ್ಲವೇ ಎಂದು ಕೋಣೆಯ ಹಿಂಭಾಗಕ್ಕೆ ಸುತ್ತಿ ಹೋದಳು. ಅಂಗಳ ಒಣಗಿಯೇ ಇತ್ತು. ಬಚ್ಚಲ ನೀರು ಕೊಳವೆಯಲ್ಲಿ ಇಳಿದು, ಜಲ್ಲಿಕಲ್ಲಿನ ಕಾಲುವೆಯಲ್ಲಿ ಸೋಸಿಕೊಂಡು, ಬಾಳೆಯ ಬುಡ ಸೇರುತ್ತಿತ್ತು. ಬಾಳೆಗಳು ದಷ್ಟಪುಷ್ಟವಾಗಿ ನಿಂತಿದ್ದವು. ಈ ಬಿಡಾರದಲ್ಲಿ ನೀರು ಪೋಲಾಗಲು ದಾರಿಯೇ ಇರಲಿಲ್ಲ, ಹಾಗಾಗಿ ಓಡಿ ಬರುವ ಅಗತ್ಯವೂ ಯಾರಿಗೂ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ಜಾಗವನ್ನು ಅವಳೇ ಹುಡುಕಿ ಆರಿಸಿದ್ದಳು. ಬಾಳೆಯ ನೆರಳಲ್ಲಿ ನಿಂತು ರೇಣುಕಾದೇವಿ ಅತ್ತಳು. ಸದ್ದು ಮಾಡದೆ ಅಳುವುದು ಅಭ್ಯಾಸವಾಗಿಹೋಗಿತ್ತು, ಇಲ್ಲೂ ಹಾಗೆಯೇ ಅತ್ತಳು. ಆಮೇಲೆ ಒಳಗೆ ಹೋಗಿ ನಲ್ಲಿ ನಿಲ್ಲಿಸಿದಳು.

ಅಡುಗೆಮನೆಯ ಹಿಂದೆ ತಾಜಬೀ ಪಾತ್ರೆ ತಿಕ್ಕುತ್ತಿದ್ದಳು. ಕೆಲಸ ಮುಗಿಸಿ ಇವತ್ತಾದರೂ ಕತ್ತಲಾಗುವ ಮೊದಲು ಊರಿಗೆ ಹೋಗುವ ಅವಸರ ಅವಳಿಗೆ. ರೇಣುಕಾದೇವಿ ಹೋಗಿ ಎದುರು ನಿಂತಳು.

"ತಾಜಬೀ, ನಾಳೆ ಮುಂಜಾನಿ ನೀವು ಬಂದ ಕೂಡ್ಲೆ ನನ್ನ ಕದ ಬಡೀರಿ."

"ಯಾಕ್ರಿ, ಲಗೂನ ಬಸ್ಸಿಗೆ ಹೋಗೂದೈತೇನು?"

"ಇಲ್ಲ."

"ಮತ್ತ ಬಿಸಿನೀರ ಬೇಕಾಗಿತ್ತೇನ್ರಿ? ಚಾ ತರ್ಲಿ?"

ಏನೂ ಬ್ಯಾಡ ಬಿಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಿಂದಕ್ಕೆ ನೂಕಲು ಅವಳಿಗೆ ಬಹಳ ಕಷ್ಟವಾಯಿತು.

"ಕದ ಬಡೀಬೇಕು" ಎಂದಳು. "ನಾನು ತಗೀತೀನೋ ಇಲ್ಲೋ ಅಂತ ನಿಂತು ನೋಡಬೇಕು. ಇದೊಂದು ಬೇಕಾಗೈತ್ರಿ ನನಗ."

ತಾಜಬೀಯ ಕೈ ಪಾತ್ರೆಯ ಮೇಲೆ ನಿಂತಿತು. ತಲೆ ಎತ್ತಿ, ಇವಳ ಕೆಂಪಾದ ಕಣ್ಣು ನೋಡಿದಳು.

"ತಗೀಲಿಲ್ಲಂದ್ರ?"

"ನೀವು ಬಡೀತೀನಿ ಅಂದ್ರ ತಗೀತೀನಿ."

ತಾಜಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ದಿನಾ ಎಷ್ಟೊತ್ತಿಗೆ ಏಳುತ್ತೀರಿ ಎಂದು ಕೇಳಿದಳು.